ಸುಡಬೇಕೆಂದ ಹಾಳೆಗಳು

1863ರ ಸೆಪ್ಟೆಂಬರ್ 19. ವಾರ್ಸಾ ನಗರ ಆಗ ರಷ್ಯದ ತ್ಸಾರ್ ದೊರೆಯ ಆಳ್ವಿಕೆಯಲ್ಲಿತ್ತು. ಪೋಲೆಂಡಿನ ಜನ ಆ ವರ್ಷದ ಜನವರಿಯಿಂದಲೇ ದಂಗೆ ಎದ್ದಿದ್ದರು. ಅಂದು ರಷ್ಯದ ರಾಜಪ್ರತಿನಿಧಿ ಜನರಲ್ ಬೆರ್ಗ್ ಬೀದಿಯಲ್ಲಿ ಹೋಗುತ್ತಿದ್ದಾಗ ಜಮೋಯ್‌ಸ್ಕಿ ಅರಮನೆಯ ಕಡೆಯಿಂದ ಅವನ ಕೊಲೆಯ ಯತ್ನ ನಡೆಯಿತು. ಬೆರ್ಗ್ ಬದುಕಿಕೊಂಡ. ಸಿಟ್ಟಿಗೆದ್ದ ಸೈನಿಕರು ಕಟ್ಟಡಕ್ಕೆ ನುಗ್ಗಿ, ಅಲ್ಲಿ ವಾಸವಿದ್ದವರ ಸಾಮಾನುಗಳನ್ನೆಲ್ಲ ಕಿಟಕಿಗಳಿಂದ ಬೀದಿಗೆ ಎಸೆದು ಬೆಂಕಿ ಹಚ್ಚಿದರು. ಹಾಗೆ ಬಿದ್ದು ಚೂರಾದ ವಸ್ತುಗಳಲ್ಲಿ ಒಂದು ಹಳೆಯ ಪಿಯಾನೊ ಇತ್ತು. ಉರಿದುಹೋದ ಕಾಗದಗಳಲ್ಲಿ, ಮಗನೊಬ್ಬ ಪ್ಯಾರಿಸ್ಸಿನಿಂದ ತಂದೆತಾಯಿಗೆ ವರ್ಷಗಟ್ಟಲೆ ಬರೆದಿದ್ದ ಪತ್ರಗಳ ಕಟ್ಟು ಇತ್ತು.

ಆ ಮನೆಯಲ್ಲಿದ್ದವಳು ಇಜಬೆಲಾ. ಆಕೆಯ ಅಣ್ಣ ಫ್ರೆಡರಿಕ್ ಶೋಪಾನ್ ತೀರಿಕೊಂಡು ಆಗಲೇ ಹದಿನಾಲ್ಕು ವರ್ಷಗಳಾಗಿದ್ದವು. ಬೀದಿಗೆ ಬಿದ್ದದ್ದು ಅವನು ಊರು ಬಿಡುವ ಮುನ್ನ ನುಡಿಸುತ್ತಿದ್ದ ಪಿಯಾನೊ. ಅದರ ದುರ್ಗತಿಯನ್ನು ಕುರಿತು ಕವಿ ನೊರ್ವಿದ್ ಬರೆದ ಕವನ ಪೋಲಿಷ್ ಸಾಹಿತ್ಯದಲ್ಲಿ ಪ್ರಸಿದ್ಧ.

ವಿಚಿತ್ರವೆಂದರೆ, ತನ್ನ ಕಾಗದಗಳಿಗೆ ಬೆಂಕಿ ಬೀಳಲಿ ಎಂದು ಶೋಪಾನ್ ತಾನೇ ಕೇಳಿಕೊಂಡಿದ್ದ. ಆದರೆ ಈ ಕಾಗದಗಳಿಗಲ್ಲ. 1849ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ವಾಂಡೋಮ್ ಚೌಕದ 12ನೇ ನಂಬರಿನ ಮನೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಅವನು ಹತ್ತಿರದವರಿಗೆ ಹೇಳಿದ್ದು ಇಷ್ಟು: ತಾನು ಅಚ್ಚಿಗೆ ಕೊಡದೆ ಉಳಿಸಿದ, ಅರೆಬರೆಯಾದ ಸ್ವರಲಿಪಿಗಳನ್ನೆಲ್ಲ ಸುಟ್ಟುಬಿಡಬೇಕು, ಪಿಯಾನೊ ಕಲಿಸುವ ವಿಧಾನದ ಬಗ್ಗೆ ಬರೆಯಲು ತೊಡಗಿದ್ದ ಟಿಪ್ಪಣಿಯನ್ನು ಮಾತ್ರ ಸಂಗೀತಗಾರ ಗೆಳೆಯರಾದ ಅಲ್ಕಾನ್ ಮತ್ತು ರೆಬೆರ್ ಅವರಿಗೆ ಕೊಡಬೇಕು. ಅಕ್ಟೋಬರ್ 17ರಂದು ಅವನು ತೀರಿಕೊಂಡ. ವಯಸ್ಸು ಮೂವತ್ತೊಂಬತ್ತು. ಸುಡಬೇಕೆಂದ ಹಾಳೆಗಳನ್ನು ಯಾರೂ ಸುಡಲಿಲ್ಲ.

ಸಾಯುವವನ ಕೊನೆಯ ಮಾತನ್ನು ಮೀರಿದ್ದು ಸರಿಯೇ? ಪಿಯಾನೊ ಕಲಿಯುವ ಪ್ರಪಂಚದ ಲಕ್ಷಾಂತರ ಮಕ್ಕಳು ಇಂದು ಆ ಹಾಳೆಗಳನ್ನೇ ತೆರೆದಿಟ್ಟುಕೊಂಡು ನುಡಿಸುತ್ತಿರುವುದರಿಂದ, ಈ ಪ್ರಶ್ನೆ ಇನ್ನೂ ಹಳತಾಗಿಲ್ಲ. ಉತ್ತರ ಹುಡುಕಬೇಕಾದರೆ ಅವನು ಕೆಲಸ ಮಾಡುತ್ತಿದ್ದ ಬಗೆಯನ್ನು ಮೊದಲು ನೋಡಬೇಕು.

ಶೋಪಾನ್ ಹುಟ್ಟಿದ್ದು 1810ರಲ್ಲಿ, ವಾರ್ಸಾದಿಂದ ಪಶ್ಚಿಮಕ್ಕಿರುವ ಝೆಲಜೋವಾ ವೋಲಾ ಎಂಬ ಹಳ್ಳಿಯಲ್ಲಿ. ಇಗರ್ಜಿಯ ದಾಖಲೆ ಫೆಬ್ರವರಿ 22 ಎನ್ನುತ್ತದೆ. ಮನೆಯವರು ಆಚರಿಸುತ್ತಿದ್ದದ್ದು ಮಾರ್ಚ್ 1. ತಂದೆ ನಿಕೊಲಾ ಹದಿನಾರರ ಹರೆಯದಲ್ಲಿ ಫ್ರಾನ್ಸಿನಿಂದ ಪೋಲೆಂಡಿಗೆ ಬಂದು ಅಲ್ಲಿಯವನೇ ಆಗಿಬಿಟ್ಟವನು, ವೃತ್ತಿಯಿಂದ ಮೇಷ್ಟ್ರು. ತಾಯಿ ಯುಸ್ತಿನಾ ಪೋಲಿಷ್ ಹೆಣ್ಣುಮಗಳು. ಲುದ್ವಿಕಾ ಅಕ್ಕ, ಇಜಬೆಲಾ ಮತ್ತು ಎಮಿಲಿಯಾ ತಂಗಿಯರು. ಎಮಿಲಿಯಾ ಹದಿನಾಲ್ಕರಲ್ಲೇ ಕ್ಷಯದಿಂದ ಸತ್ತಳು. ಹುಡುಗ ಏಳು ವರ್ಷದವನಿದ್ದಾಗಲೇ, 1817ರಲ್ಲಿ, ಅವನು ರಚಿಸಿದ ಒಂದು ಪೊಲೊನೇಸ್ ಅಚ್ಚಾಯಿತು. ಮುಂದೆ ಗುರು ಯೊಸೆಫ್ ಎಲ್ಸ್‌ನರ್ ಅವನನ್ನು ತಿದ್ದಿದ್ದಕ್ಕಿಂತ ಹೆಚ್ಚಾಗಿ ಅವನ ಪಾಡಿಗೆ ಬಿಟ್ಟ. ಗುರುವಾದವನು ಮಾಡಬಹುದಾದ ದೊಡ್ಡ ಉಪಕಾರ ಕೆಲವೊಮ್ಮೆ ಅದೇ.

1830ರ ನವೆಂಬರ್ 2ರಂದು ಇಪ್ಪತ್ತರ ಯುವಕ ವಾರ್ಸಾ ಬಿಟ್ಟು ವಿಯೆನ್ನಾದತ್ತ ಹೊರಟ. ಅದೇ ತಿಂಗಳ 29ರಂದು ವಾರ್ಸಾದಲ್ಲಿ ರಷ್ಯದ ವಿರುದ್ಧ ದಂಗೆ ಎದ್ದಿತು. ಮರುವರ್ಷ ಸೆಪ್ಟೆಂಬರಿನಲ್ಲಿ ದಂಗೆ ಮುರಿದುಬಿದ್ದ ಸುದ್ದಿ ಅವನಿಗೆ ಸಿಕ್ಕಿದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಅಲ್ಲಿಂದ ಪ್ಯಾರಿಸ್ ಸೇರಿದವನು ಮತ್ತೆಂದೂ ಹುಟ್ಟಿದ ನೆಲಕ್ಕೆ ಕಾಲಿಡಲಿಲ್ಲ. ತಂದೆತಾಯಿಯನ್ನು ಆಮೇಲೆ ಕಂಡದ್ದು ಒಂದೇ ಸಲ, 1835ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ. ವಾರ್ಸಾದಲ್ಲಿ ಸುಟ್ಟುಹೋದ ಪತ್ರಗಳಿಗೆ ಬೆಲೆ ಇದ್ದದ್ದು ಇದರಿಂದ. ಮನೆಯವರಿಗೆ ಮಗನೆಂದರೆ ಆ ಪತ್ರಗಳೇ ಆಗಿದ್ದವು.

ಆ ಕಾಲದ ಪ್ಯಾರಿಸ್ಸಿನಲ್ಲಿ ಪಿಯಾನೊ ನುಡಿಸುವವರಿಗೆ ಬರವಿರಲಿಲ್ಲ. ಲಿಸ್ಟ್‌ನಂಥವರು ದೊಡ್ಡ ಸಭಾಂಗಣಗಳನ್ನು ಗುಡುಗಿನಂತೆ ತುಂಬುತ್ತಿದ್ದರು. ಶೋಪಾನನ ನುಡಿಸಾಣಿಕೆ ಅದಕ್ಕೆ ತೀರ ವಿರುದ್ಧ. ಅವನ ನಾದ ಸಣ್ಣದು. ಆದರೆ ಆ ಸಣ್ಣದರೊಳಗೇ ನೂರು ಮೆಟ್ಟಿಲುಗಳು. ಜನಜಂಗುಳಿಯ ಮುಂದೆ ಕೂತರೆ ಉಸಿರು ಕಟ್ಟುತ್ತದೆಂದು ಗೆಳೆಯರಲ್ಲಿ ಹೇಳಿಕೊಳ್ಳುತ್ತಿದ್ದ. ಇಡೀ ಬದುಕಿನಲ್ಲಿ ಅವನು ಕೊಟ್ಟ ಸಾರ್ವಜನಿಕ ಕಛೇರಿಗಳು ಸುಮಾರು ಮೂವತ್ತು ಮಾತ್ರ. ಹತ್ತಾರು ಜನ ಸೇರಿದ ಶ್ರೀಮಂತರ ಪಡಸಾಲೆಯಲ್ಲಿ, ಮೋಂಬತ್ತಿಯ ಬೆಳಕಿನಲ್ಲಿ, ಗೆಳೆಯ ಪ್ಲೆಯೆಲ್‌ನ ಕಾರ್ಖಾನೆಯಲ್ಲಿ ತಯಾರಾದ ಪಿಯಾನೊದ ಮುಂದೆ ಕೂತು ನುಡಿಸುವುದೇ ಅವನಿಗೆ ಪ್ರಿಯ.

ಹೊಟ್ಟೆಪಾಡಿಗೆ ಪಾಠ. ಬೆಳಗಿನಿಂದ ಮಧ್ಯಾಹ್ನದವರೆಗೆ ನಾಲ್ಕೈದು ಶಿಷ್ಯರು, ಹೆಚ್ಚಿನವರು ಸಿರಿವಂತ ಮನೆತನದ ಹೆಂಗಸರು. ಒಂದು ಪಾಠಕ್ಕೆ ಇಪ್ಪತ್ತು ಫ್ರಾಂಕ್. ಹಣವನ್ನು ಅವನ ಕೈಗೆ ಕೊಡುವಂತಿರಲಿಲ್ಲ. ಅವನು ಕಿಟಕಿಯಾಚೆ ನೋಡುತ್ತಿದ್ದಾಗ ಗೂಡಿನ ಮೇಲೆ ಇಟ್ಟು ಹೋಗಬೇಕಿತ್ತಂತೆ. 1839ರಲ್ಲಿ ಅಚ್ಚಾದ ಇಪ್ಪತ್ನಾಲ್ಕು ಪ್ರಿಲ್ಯೂಡ್‌ಗಳನ್ನು ಅವನು ಪ್ಲೆಯೆಲ್‌ಗೆ ಎರಡು ಸಾವಿರ ಫ್ರಾಂಕಿಗೆ ಮಾರಿದ್ದ. ಅಂದರೆ ನೂರು ಪಾಠಗಳ ಸಂಬಳ! ಇಂದಿಗೂ ಪಿಯಾನೊ ಸಾಹಿತ್ಯದ ಶಿಖರಗಳಲ್ಲಿ ಒಂದೆನ್ನಿಸುವ ಆ ಸಂಪುಟದ ಬೆಲೆಯೂ, ಕೆಲವೇ ವಾರಗಳ ಮೇಷ್ಟರಿಕೆಯ ಬೆಲೆಯೂ ಒಂದೇ.

ಆದರೆ ಅವನು ಕಾಟಾಚಾರದ ಮೇಷ್ಟ್ರಾಗಿರಲಿಲ್ಲ. ಸುಡದೆ ಉಳಿಸಲು ಹೇಳಿದ ಆ ಪಾಠಕ್ರಮದ ಟಿಪ್ಪಣಿಯೇ ಅದಕ್ಕೆ ಸಾಕ್ಷಿ. ಹಾರ್ಮೋನಿಯಂನಂತೆ ಪಿಯಾನೊಗೂ ಬಿಳಿ ಮನೆ, ಕಪ್ಪು ಮನೆಗಳಿರುತ್ತವೆ. ಉಳಿದ ಮೇಷ್ಟ್ರುಗಳು ಬರೀ ಬಿಳಿ ಮನೆಗಳ 'ಸಿ' ಸ್ವರಶ್ರೇಣಿಯಿಂದ ಪಾಠ ಶುರುಮಾಡುತ್ತಿದ್ದರು, ಓದಲು ಅದು ಸುಲಭವೆಂದು. ಶೋಪಾನನ ಪ್ರಕಾರ ಓದಲು ಸುಲಭವಾದರೂ ಕೈಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಮನುಷ್ಯನ ಉದ್ದ ಬೆರಳುಗಳು ಎತ್ತರದ ಕಪ್ಪು ಮನೆಗಳ ಮೇಲೂ, ಗಿಡ್ಡ ಬೆರಳುಗಳು ತಗ್ಗಿನ ಬಿಳಿ ಮನೆಗಳ ಮೇಲೂ ತಾವಾಗಿ ಕೂರುವ 'ಬಿ' ಶ್ರೇಣಿಯಿಂದ ಅವನು ಆರಂಭಿಸುತ್ತಿದ್ದ. ಐದು ಬೆರಳುಗಳಿಗೂ ಒಂದೇ ಬಲ ತರಿಸಲು ಆ ಕಾಲದವರು ಯಂತ್ರಗಳನ್ನು ಕೂಡ ಬಳಸುತ್ತಿದ್ದರೆ, ಒಂದೊಂದು ಬೆರಳಿಗೂ ಅದರದೇ ಗುಣವಿದೆ, ಅದನ್ನು ಕೆಡಿಸಬಾರದು ಎಂಬುದು ಅವನ ನಂಬಿಕೆ. ಲಯದ ವಿಷಯದಲ್ಲೂ ಹಾಗೆಯೇ. ಎಡಗೈ ತಾಳ ಹಿಡಿದು ಅಲುಗಾಡದಂತಿರಬೇಕು. ಬಲಗೈ ಮಾತ್ರ ಹಾಡುಗಾರನಂತೆ ಒಂದಿಷ್ಟು ಹಿಂದೆ ಮುಂದೆ ಹೋಗಬಹುದು. ತಾಳದ ಲೆಕ್ಕ ತಪ್ಪದೆ ಸ್ವರವನ್ನು ಎಳೆದಾಡುವ ಗಾಯಕರನ್ನು ಕೇಳಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಚನೆಗಳು. ಒಪೇರಾ ಬರೆ ಎಂದು ಗುರು ಎಲ್ಸ್‌ನರ್ ಒತ್ತಾಯಿಸಿದ; ಬರೆಯಲಿಲ್ಲ. ಸಿಂಫನಿಯೂ ಇಲ್ಲ. ಪಿಯಾನೊ ಇಲ್ಲದ ಒಂದೇ ಒಂದು ಕೃತಿ ಅವನಿಂದ ಬಂದಿಲ್ಲ. ಎರಡು ಕನ್ಸರ್ಟೊ, ಮೂರು ಪಿಯಾನೊ ಸೊನಾಟಾ, ನಾಲ್ಕು ಬಲಾಡ್, ನಾಲ್ಕು ಸ್ಕೆರ್ಟ್ಸೊ, ಇಪ್ಪತ್ತೇಳು ಎತ್ಯೂಡ್, ಐವತ್ತಕ್ಕೂ ಹೆಚ್ಚು ಮಜುರ್ಕಾ. ಎತ್ಯೂಡ್ ಎಂದರೆ ಬೆರಳಿನ ಸಾಧನೆಗಾಗಿ ಬರೆದ ಅಭ್ಯಾಸಪಾಠ. ಅವನ ಕೈಯಲ್ಲಿ ಅದೇ ಕಛೇರಿಯ ಕೃತಿಯಾಯಿತು. ನಾಕ್ಟರ್ನ್ ಎಂಬ ಇರುಳಿನ ರಚನೆಯನ್ನು ಮೊದಲು ರೂಪಿಸಿದವನು ಐರ್ಲೆಂಡಿನ ಜಾನ್ ಫೀಲ್ಡ್. ಶೋಪಾನ್ ಅದನ್ನು ಎತ್ತಿಕೊಂಡ ಮೇಲೆ ಫೀಲ್ಡನ ಹೆಸರನ್ನು ಹುಡುಕಿ ಹೇಳಬೇಕಾಗಿದೆ. ಮಜುರ್ಕಾ ಪೋಲೆಂಡಿನ ಹಳ್ಳಿಯ ಕುಣಿತ. ಊರಿಗೆ ಹೋಗಲಾರದವನು ಸಾಯುವವರೆಗೂ ಬಿಡದೆ ಬರೆದದ್ದು ಅದನ್ನೇ.

ತನ್ನ ಕೃತಿಗಳಿಗೆ ಕಥೆ ಕಟ್ಟಿದರೆ ಅವನಿಗೆ ಸಹಿಸುತ್ತಿರಲಿಲ್ಲ. ಲಂಡನ್ನಿನ ಪ್ರಕಾಶಕ ವೆಸೆಲ್, ನಾಕ್ಟರ್ನ್‌ಗಳಿಗೆ ಸೀನ್ ನದಿಯ ಪಿಸುಮಾತು ಎಂಬಂಥ ಹೆಸರಿಟ್ಟು ಮಾರಿದಾಗ ಶೋಪಾನ್ ಕೆಂಡವಾಗಿದ್ದ. ಇಂದು ಕ್ಯಾಸೆಟ್ಟು, ಸಿಡಿಗಳ ಮೇಲೆ ಕಾಣುವ 'ಮಳೆಹನಿ', 'ಕ್ರಾಂತಿ' ಮುಂತಾದ ಹೆಸರುಗಳಾವುವೂ ಅವನು ಇಟ್ಟವಲ್ಲ.

ಅವನು ಬರೆಯುತ್ತಿದ್ದ ರೀತಿಯನ್ನು ಹತ್ತಿರದಿಂದ ಕಂಡು ದಾಖಲಿಸಿದವಳು ಕಾದಂಬರಿಗಾರ್ತಿ ಜಾರ್ಜ್ ಸ್ಯಾಂಡ್. ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಈಕೆಯ ನಿಜನಾಮ ಒರೋರ್ ದ್ಯುಪೆಂ. 1838ರಿಂದ ಸುಮಾರು ಒಂಬತ್ತು ವರ್ಷ ಅವರಿಬ್ಬರ ಸಹವಾಸ. ಮೊದಲ ಚಳಿಗಾಲವನ್ನು ಸ್ಪೇನಿನ ಮಯೋರ್ಕಾ ದ್ವೀಪದ ಪಾಳುಬಿದ್ದ ಮಠವೊಂದರಲ್ಲಿ, ಆಕೆಯ ಇಬ್ಬರು ಮಕ್ಕಳೊಂದಿಗೆ ಕಳೆದರು. ಕೆಮ್ಮು ಉಲ್ಬಣಿಸಿತು. ಪ್ಲೆಯೆಲ್ ಕಳಿಸಿದ ಪಿಯಾನೊ ಸುಂಕದ ಕಟ್ಟೆಯಲ್ಲಿ ವಾರಗಟ್ಟಲೆ ಕೊಳೆಯಿತು. ಆ ಪ್ರಿಲ್ಯೂಡ್‌ಗಳು ಕೊನೆಯ ರೂಪ ಪಡೆದದ್ದು ಈ ಅವಸ್ಥೆಯಲ್ಲೇ. ಅಲ್ಲಿಂದ ಮುಂದೆ ಬೇಸಿಗೆಗಳು ಬಹುಪಾಲು ನೊಆಂ ಎಂಬ ಹಳ್ಳಿಯ ಆಕೆಯ ಮನೆಯಲ್ಲಿ.

ಸ್ಯಾಂಡ್ ತನ್ನ ಆತ್ಮಕಥೆಯಲ್ಲಿ ಹೇಳುವಂತೆ ಅವನಿಗೆ ಕಲ್ಪನೆ ಬರುತ್ತಿದ್ದದ್ದು ತಟಕ್ಕನೆ, ಪೂರ್ತಿಯಾಗಿ. ಪಿಯಾನೊ ಮುಂದೆ ಕೂತಾಗಲೋ ತಿರುಗಾಡುವಾಗಲೋ ಅದು ತಾನಾಗಿ ಹಾಡಿಕೊಳ್ಳುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಅದನ್ನು ಕಾಗದಕ್ಕೆ ಇಳಿಸುವಾಗ. ದಿನಗಟ್ಟಲೆ ಕೋಣೆ ಮುಚ್ಚಿಕೊಂಡು, ಅತ್ತು, ಅತ್ತಿಂದಿತ್ತ ಓಡಾಡಿ, ಲೇಖನಿ ಮುರಿದು, ಒಂದೇ ತುಣುಕನ್ನು ನೂರು ಸಲ ಬದಲಿಸುತ್ತಿದ್ದ. ಒಂದು ಪುಟಕ್ಕೆ ಆರು ವಾರ ಹಿಡಿದು, ಕೊನೆಗೆ ಮೊದಲ ದಿನ ಬರೆದದ್ದನ್ನೇ ಮತ್ತೆ ಬರೆದಿಡುತ್ತಿದ್ದನಂತೆ. ಕಾದಂಬರಿಗಾರ್ತಿಯ ಮಾತಿನಲ್ಲಿ ಉಪ್ಪುಖಾರ ಸೇರಿರಬಹುದು. ಆದರೆ ಅವನ ಹಸ್ತಪ್ರತಿಗಳು ಆಕೆಯನ್ನು ಸುಳ್ಳಾಗಿಸುವುದಿಲ್ಲ. ತಪ್ಪಾದ ಕಡೆ ಒಂದು ಗೆರೆ ಎಳೆದು ಬಿಡುವವನಲ್ಲ ಅವನು. ಕೆಳಗಿನ ಒಂದಕ್ಷರವೂ ಕಾಣದಂತೆ ದಟ್ಟ ಮಸಿಯಿಂದ ಮುಚ್ಚಿಬಿಡುತ್ತಿದ್ದ.

ಇಷ್ಟಾಗಿ ಅಚ್ಚಾದ ಮೇಲೂ ಕೃತಿ ಮುಗಿಯುತ್ತಿರಲಿಲ್ಲ. ಶಿಷ್ಯರ ಪುಸ್ತಕಗಳಲ್ಲಿ ಪೆನ್ಸಿಲಿನಿಂದ ಹೊಸ ತಿರುವು, ಹೊಸ ಅಲಂಕಾರ ಬರೆದುಕೊಡುತ್ತಿದ್ದ. ಸ್ಕಾಟ್ಲೆಂಡಿನ ಶಿಷ್ಯೆ ಜೇನ್ ಸ್ಟರ್ಲಿಂಗಳ ಪುಸ್ತಕದಲ್ಲಿ ಒಂದು ರೀತಿ, ಇನ್ನೊಬ್ಬ ಶಿಷ್ಯೆಯದರಲ್ಲಿ ಮತ್ತೊಂದು ರೀತಿ. ಎಲ್ಲರಿಗೂ ಪರಿಚಿತವಾದ ಓಪಸ್ 9ರ ಎರಡನೆಯ ನಾಕ್ಟರ್ನ್‌ಗೆ ಇಂಥ ಪಾಠಾಂತರಗಳು ಹಲವಾರಿವೆ. ಯಾವುದು ಸರಿ ಎಂದು ಸಂಪಾದಕರು ಇವತ್ತಿಗೂ ಜಗಳವಾಡುತ್ತಾರೆ. ಎಲ್ಲವೂ ಸರಿ ಎನ್ನುವುದೇ ಬಹುಶಃ ಶೋಪಾನನ ಉತ್ತರವಾಗಿರುತ್ತಿತ್ತು.

ಇಂಥ ಮನುಷ್ಯ ತಾನು ಅಚ್ಚಿಗೆ ಕೊಡದೆ ಇಟ್ಟುಕೊಂಡದ್ದನ್ನು ಸುಡಿ ಎಂದರೆ ಅದು ಜ್ವರದ ಬಡಬಡಿಕೆಯಲ್ಲ. ಜೀವನವಿಡೀ ಮಾಡಿದ್ದನ್ನೇ ಸಾಯುವಾಗ ಇನ್ನೊಬ್ಬರ ಕೈಯಿಂದ ಮಾಡಿಸಲು ನೋಡಿದ, ಅಷ್ಟೆ.

ಕೊನೆಯ ಎರಡು ವರ್ಷಗಳ ಕತೆ ದುಃಖದ್ದು. 1847ರಲ್ಲಿ ಸ್ಯಾಂಡಳ ಮಗಳು ಸೊಲಾಂಜಳ ಮದುವೆಯ ಗಲಾಟೆಯಲ್ಲಿ ಅವನು ಮಗಳ ಪಕ್ಷ ವಹಿಸಿದ, ಸಂಬಂಧ ಮುರಿಯಿತು. 1848ರ ಫೆಬ್ರವರಿ 16ರಂದು ಪ್ಯಾರಿಸ್ಸಿನಲ್ಲಿ ಕೊನೆಯ ಕಛೇರಿ. ವಾರದೊಳಗೆ ಕ್ರಾಂತಿ ಎದ್ದು ದೊರೆ ಓಡಿಹೋದ. ದುಡ್ಡಿದ್ದ ಶಿಷ್ಯರೂ ಊರು ಬಿಟ್ಟರು. ಜೇನ್ ಸ್ಟರ್ಲಿಂಗಳ ಒತ್ತಾಯಕ್ಕೆ ಇಂಗ್ಲೆಂಡಿಗೆ ಹೋಗಿ, ಸ್ಕಾಟ್ಲೆಂಡಿನ ಚಳಿಯಲ್ಲಿ ನರಳಿದ. ಆ ನವೆಂಬರ್ 16ರಂದು ಲಂಡನ್ನಿನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥ ನುಡಿಸಿದ್ದೇ ಕಡೆಯದು.

ಮರುವರ್ಷ ಅಕ್ಕ ಲುದ್ವಿಕಾ ವಾರ್ಸಾದಿಂದ ಬಂದು ಅವನ ಶುಶ್ರೂಷೆಗೆ ನಿಂತಳು. ಅವನ ದೇಹ ಪ್ಯಾರಿಸ್ಸಿನ ಪೆರ್ ಲಾಶೇಸ್ ಮಸಣ ಸೇರಿತು. ಹೃದಯವನ್ನು ಮಾತ್ರ, ಅವನದೇ ಇಚ್ಛೆಯಂತೆ, ಗಾಜಿನ ಜಾಡಿಯಲ್ಲಿಟ್ಟು ಅಕ್ಕ ಊರಿಗೆ ಒಯ್ದಳು. ವಾರ್ಸಾದ ಹೋಲಿ ಕ್ರಾಸ್ ಇಗರ್ಜಿಯ ಕಂಬದೊಳಗೆ ಅದು ಇಂದಿಗೂ ಇದೆ. 2014ರಲ್ಲಿ ವೈದ್ಯರು ಜಾಡಿಯನ್ನು ತೆರೆಯದೆ ಪರೀಕ್ಷಿಸಿದರು. ಕ್ಷಯ ಹೃದಯದ ಹೊರಪೊರೆಗೆ ಹರಡಿದ್ದೇ ಸಾವಿಗೆ ಕಾರಣವಿರಬೇಕು ಎಂಬುದು ಅವರ ತೀರ್ಮಾನ.

ಲುದ್ವಿಕಾ ಅದೇ ಪ್ರಯಾಣದಲ್ಲಿ ಇನ್ನೊಂದು ಗಂಟನ್ನೂ ಒಯ್ಯುತ್ತಿದ್ದಳು: ಜಾರ್ಜ್ ಸ್ಯಾಂಡ್ ಶೋಪಾನನಿಗೆ ಬರೆದ ಪತ್ರಗಳು. ರಷ್ಯದ ಗಡಿಯಲ್ಲಿ ತಪಾಸಣೆಯಾದೀತೆಂದು ಹೆದರಿ ಅದನ್ನು ಮಿಸ್ಲೊವಿತ್ಸೆ ಎಂಬ ಗಡಿಯೂರಿನಲ್ಲಿ ಪರಿಚಿತರ ಮನೆಯಲ್ಲಿ ಬಿಟ್ಟಳು. 1851ರಲ್ಲಿ ಆ ದಾರಿಯಲ್ಲಿ ಬಂದ ಯುವ ಲೇಖಕ, ಕಿರಿಯ ಅಲೆಕ್ಸಾಂಡರ್ ದ್ಯುಮಾನ ಕಣ್ಣಿಗೆ ಅವು ಬಿದ್ದವು. ಅವನು ತಂದೆಗೆ ತಿಳಿಸಿದ, ತಂದೆ ಸ್ಯಾಂಡಳಿಗೆ ತಿಳಿಸಿದ, ಪತ್ರಗಳು ಆಕೆಯ ಕೈ ಸೇರಿದವು. ಆಕೆ ಅವನ್ನು ಸುಟ್ಟುಹಾಕಿದಳು. ಅವು ಆಕೆಯವೇ ಪತ್ರಗಳು, ಯಾರೂ ಪ್ರಶ್ನಿಸುವಂತಿರಲಿಲ್ಲ.

ಉಳಿದದ್ದು ಸ್ವರಲಿಪಿಯ ಹಾಳೆಗಳು. ಇಲ್ಲಿ ಬರುತ್ತಾನೆ ಯೂಲಿಯನ್ ಫೊಂತಾನಾ. ವಾರ್ಸಾದ ಶಾಲಾದಿನಗಳ ಗೆಳೆಯ, ಶೋಪಾನನಷ್ಟೇ ವಯಸ್ಸಿನವನು. ಪ್ಯಾರಿಸ್ಸಿನಲ್ಲಿ ಅವನ ಹಸ್ತಪ್ರತಿಗಳನ್ನು ಶುದ್ಧವಾಗಿ ನಕಲು ಮಾಡಿದವನು, ಪ್ರಕಾಶಕರ ಹತ್ತಿರ ಚೌಕಾಸಿ ಮಾಡಿದವನು, ಬಾಡಿಗೆ ಮನೆಯನ್ನೂ ಕೈಗವಸನ್ನೂ ಹುಡುಕಿಕೊಟ್ಟವನು. ಆಮೇಲೆ ಕ್ಯೂಬಾ, ನ್ಯೂಯಾರ್ಕ್ ಎಂದು ಅಲೆದು ಬಂದ. ಮನೆಯವರ ಒಪ್ಪಿಗೆ ಪಡೆದು 1855ರಲ್ಲಿ ಗೆಳೆಯನ ಅಪ್ರಕಟಿತ ಪಿಯಾನೊ ಕೃತಿಗಳನ್ನು ಓಪಸ್ 66ರಿಂದ 73ರವರೆಗೆ ಅಂಕಿ ಹಾಕಿ ಅಚ್ಚು ಮಾಡಿಸಿದ. ಪೋಲಿಷ್ ಹಾಡುಗಳು ಓಪಸ್ 74 ಎಂದು 1859ರಲ್ಲಿ ಬಂದವು.

ಆ 66ನೆಯದೇ 'ಫಾಂಟಸಿ ಇಂಪ್ರಾಂಪ್ಟು'. ಶೋಪಾನ್ ಹೆಸರು ಕೇಳದವರೂ ಇದರ ನಡುವಿನ ರಾಗವನ್ನು ಕೇಳಿರುತ್ತಾರೆ; 1918ರ ಹೊತ್ತಿಗೆ ಅಮೆರಿಕದವರು ಅದಕ್ಕೆ ಮಾತು ಜೋಡಿಸಿ ಸಿನಿಮಾ ಹಾಡಿನಂತೆ ಹಾಡಿಕೊಳ್ಳುತ್ತಿದ್ದರು. 'ಫಾಂಟಸಿ' ಎಂಬ ಪದ ಶೋಪಾನನದಲ್ಲ, ಫೊಂತಾನಾ ಸೇರಿಸಿದ್ದು. ಇಷ್ಟು ಚೆಂದದ ಕೃತಿಯನ್ನು ಇಪ್ಪತ್ತರ ಹರೆಯದಲ್ಲಿ ಬರೆದವನು ಹದಿನೈದು ವರ್ಷ ಏಕೆ ಬಚ್ಚಿಟ್ಟ? ಬೇರೊಬ್ಬರ ಕೃತಿಯ ಹೋಲಿಕೆ ಕಂಡು ಮುಜುಗರಪಟ್ಟಿರಬೇಕು ಎಂದು ಕೆಲವರ ಊಹೆ. 1960ರಲ್ಲಿ ಪಿಯಾನೊ ವಾದಕ ಆರ್ಥರ್ ರುಬಿನ್‌ಸ್ಟೈನ್ ಕೈಗೆ ಹಳೆಯ ಆಲ್ಬಮ್ ಒಂದು ಸಿಕ್ಕಿತು. ಅದರಲ್ಲಿ ಶೋಪಾನನ ಕೈಯಲ್ಲೇ ಬರೆದ, 1835ರ ತಾರೀಖಿನ ಇದೇ ಕೃತಿ. ಬ್ಯಾರೊನೆಸ್ ದೆಸ್ತೆ ಎಂಬಾಕೆಗಾಗಿ ರಚಿಸಿದ್ದೆಂಬ ಒಕ್ಕಣೆ. ಆಕೆ ಹಣ ಕೊಟ್ಟು ಬರೆಸಿಕೊಂಡಿರಬೇಕು, ಆದ್ದರಿಂದ ಅಚ್ಚಿಗೆ ಕೊಡಲಿಲ್ಲ ಎಂದು ರುಬಿನ್‌ಸ್ಟೈನ್ ತರ್ಕಿಸಿದ. ಮುಖ್ಯವಾದ ಮಾತೆಂದರೆ, ಆ ಪ್ರತಿ ಫೊಂತಾನಾ ಅಚ್ಚು ಹಾಕಿಸಿದ್ದಕ್ಕಿಂತ ಹಲವು ಕಡೆ ಬೇರೆಯಾಗಿದೆ, ಹೆಚ್ಚು ನಯವಾಗಿದೆ. ಫೊಂತಾನಾನ ಕೈಲಿದ್ದದ್ದು ಇನ್ನೂ ತಿದ್ದದ ಪ್ರತಿ.

ಓಪಸ್ 68ರ ನಾಲ್ಕನೆಯ ಮಜುರ್ಕಾದ ಕತೆಯೂ ಇಂಥದೇ. ಮಸಿ ಮೆತ್ತಿದ ಒಂದೇ ಹಾಳೆಯ ಮೇಲಿನ ಗೀಚುಬರಹವನ್ನು ಚೆಲ್ಲೊ ವಾದಕ ಫ್ರಾಂಕೊಮ್ ಕಷ್ಟಪಟ್ಟು ಬಿಡಿಸಿ ಓದಿದ. ಒಂದು ಭಾಗವನ್ನು ಬಿಟ್ಟುಬಿಟ್ಟ. ಶೋಪಾನನ ಕಟ್ಟಕಡೆಯ ರಚನೆ ಎಂದು ಅದು ಪ್ರಸಿದ್ಧವಾಯಿತು. ಮುಂದಿನ ವಿದ್ವಾಂಸರು ಬಿಟ್ಟ ಭಾಗವನ್ನು ಸೇರಿಸಿ ತಮ್ಮ ತಮ್ಮ ಪಾಠಗಳನ್ನು ಕಟ್ಟಿದ್ದಾರೆ.

ಹಾಗಾದರೆ ಫೊಂತಾನಾ ಮಾಡಿದ್ದು ದ್ರೋಹವೇ? ಹೌದೆನ್ನುವವರು ಒಂದು ರಚನೆಯನ್ನು ನೆನೆಯಬೇಕು. 1830ರಲ್ಲಿ ವಿಯೆನ್ನಾದಲ್ಲಿದ್ದಾಗ ಶೋಪಾನ್ ಅಕ್ಕ ಲುದ್ವಿಕಾಳ ಅಭ್ಯಾಸಕ್ಕೆಂದು ನಾಲ್ಕು ನಿಮಿಷದ ಒಂದು ನಿಧಾನಗತಿಯ ರಚನೆ ಕಳಿಸಿದ್ದ. ಅದನ್ನು ಅವನೂ ಅಚ್ಚು ಹಾಕಿಸಲಿಲ್ಲ, ಫೊಂತಾನಾನೂ ಹಾಕಿಸಲಿಲ್ಲ. ಅಪ್ರಕಟಿತ ಕೃತಿಗಳ ಪಟ್ಟಿ ಮಾಡುವಾಗ ಲುದ್ವಿಕಾ ಅದನ್ನು ಮರೆಯದೆ ಬರೆದಿಟ್ಟಳು. 1875ರಲ್ಲಿ ಅದು ಮುದ್ರಣವಾಗಿ, ಸಿ ಶಾರ್ಪ್ ಮೈನರ್ ನಾಕ್ಟರ್ನ್ ಎಂಬ ಹೆಸರು ಪಡೆಯಿತು. 1939ರ ಸೆಪ್ಟೆಂಬರ್ 23ರಂದು ಜರ್ಮನ್ ಬಾಂಬುಗಳು ವಾರ್ಸಾದ ಮೇಲೆ ಸುರಿಯುತ್ತಿದ್ದಾಗ ವ್ಲಾದಿಸ್ಲಾವ್ ಶ್ಪಿಲ್ಮನ್ ಎಂಬ ಯಹೂದಿ ಪಿಯಾನೊ ವಾದಕ ಪೋಲಿಷ್ ಬಾನುಲಿಯಲ್ಲಿ ನೇರ ಪ್ರಸಾರದಲ್ಲಿ ನುಡಿಸಿದ್ದು ಇದನ್ನು. ಅಂದೇ ಬಾನುಲಿ ಸ್ತಬ್ಧವಾಯಿತು. ಐದು ವರ್ಷಗಳ ನಂತರ ಪಾಳು ಮನೆಯೊಂದರಲ್ಲಿ ಅಡಗಿದ್ದ ಅವನನ್ನು ಜರ್ಮನ್ ಅಧಿಕಾರಿಯೊಬ್ಬ ಕಂಡು, ಏನಾದರೂ ನುಡಿಸು ಎಂದಾಗ ಅವನ ಬೆರಳಿಗೆ ಬಂದದ್ದೂ ಇದೇ. ಅಧಿಕಾರಿ ಅವನನ್ನು ಹಿಡಿದುಕೊಡಲಿಲ್ಲ, ಅನ್ನ ತಂದುಕೊಟ್ಟ. ಪೊಲಾನ್‌ಸ್ಕಿಯ 2002ರ ಸಿನಿಮಾದಲ್ಲಿ ಈ ದೃಶ್ಯಕ್ಕೆ ಒಂದು ಬಲಾಡನ್ನು ಹಾಕಿದ್ದಾರೆ. ತೆರೆಗೆ ಅದೇ ಒಪ್ಪುತ್ತದೆ. ನಿಜವಾಗಿ ನಡೆದದ್ದು ಮಾತ್ರ, ಅಕ್ಕನಿಗೆ ಬರೆದ ಆ ಹಾಳೆಯದು.

ಆದ್ದರಿಂದ ಅಚ್ಚು ಹಾಕಿಸಿದ್ದು ಫೊಂತಾನಾನ ತಪ್ಪೆನ್ನಲಾಗದು. ತಪ್ಪು ಇನ್ನೊಂದಿದೆ. ಇವು ಕರ್ತೃ ಒಪ್ಪದೆ ಬಿಟ್ಟವು ಎಂಬುದು ಕಣ್ಣಿಗೆ ಹೊಡೆಯುವಂತೆ ಹೇಳುವ ಬದಲು, 65ರ ಮುಂದಿನ ಅಂಕಿಗಳನ್ನು ಕೊಟ್ಟು ಅವನು ಒಪ್ಪಿದವುಗಳ ಸಾಲಿನಲ್ಲೇ ಕೂರಿಸಿಬಿಟ್ಟ. ಅರವತ್ತೈದನೆಯದು 1847ರಲ್ಲಿ ಅಚ್ಚಾದ ಚೆಲ್ಲೊ ಸೊನಾಟಾ. ಅದರ ಕರಡುಗಳೇ ರಾಶಿ ಬಿದ್ದಿವೆ. ಅಷ್ಟು ಹೆಣಗಾಡಿ ಬರೆದದ್ದರ ಪಕ್ಕದಲ್ಲಿ, ಹದಿನೆಂಟರ ಹುಡುಗ ಬರೆದು ಮರೆತ ರೊಂಡೊ ಒಂದು 73 ಎಂಬ ಅಂಕಿ ಹೊತ್ತು ಪ್ರೌಢಕೃತಿಯಂತೆ ಕೂತಿದೆ. ಕೊಂಡು ನುಡಿಸುವವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಫೊಂತಾನಾನಿಗೆ ಅದರಿಂದ ಸುಖವೇನೂ ಸಿಗಲಿಲ್ಲ. ಬಡತನ ಬಿಡಲಿಲ್ಲ, ಕಿವಿ ಕೇಳಿಸದಾಯಿತು. 1869ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತಾನಾಗಿ ಜೀವ ಕಳೆದುಕೊಂಡ.

ಹಾಳೆಗಳು ಇನ್ನೂ ಸಿಗುತ್ತಲೇ ಇವೆ. 2024ರ ವಸಂತದಲ್ಲಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಹಳೆಯ ಸಂಗ್ರಹವೊಂದನ್ನು ಜೋಡಿಸುತ್ತಿದ್ದಾಗ, ಪೋಸ್ಟ್ ಕಾರ್ಡಿಗಿಂತ ದೊಡ್ಡದಲ್ಲದ ಒಂದು ಚೂರು ಹೊರಬಂತು. ಅದರ ಮೇಲೆ ಎ ಮೈನರ್ ಶ್ರುತಿಯ ಒಂದು ವಾಲ್ಟ್ಸ್. ಬರೀ ಇಪ್ಪತ್ನಾಲ್ಕು ತಾಳದ ಮನೆಗಳು. ಕಾಗದ, ಮಸಿ, ಅಕ್ಷರದ ವಾಲಿಕೆ ಎಲ್ಲವನ್ನೂ ಪರೀಕ್ಷಿಸಿ, ಇದು 1830ರಿಂದ 35ರ ನಡುವಿನದು, ಕೈ ಶೋಪಾನನದೇ ಎಂದು ತಜ್ಞರು ಅಕ್ಟೋಬರಿನಲ್ಲಿ ಪ್ರಕಟಿಸಿದರು. ರಚನೆಯೂ ಅವನದೇ ಎಂದು ಎಲ್ಲರೂ ಒಪ್ಪಿಲ್ಲ. ಮೆದುವಾಗಿ ನುಡಿಸುವವನೆಂದು ಹೆಸರಾದವನ ಈ ಚೂರಿನಲ್ಲಿ ಆರಂಭದಲ್ಲೇ, ಆದಷ್ಟೂ ಜೋರಾಗಿ ನುಡಿಸಬೇಕೆಂಬ ಗುರುತಿದೆ. ಚೀನಾದ ವಾದಕ ಲಾಂಗ್ ಲಾಂಗ್ ಅದನ್ನು ನುಡಿಸಿ ಮುದ್ರಿಸಿದ. ಪುನರಾವರ್ತನೆ ಸೇರಿ ಒಂದು ನಿಮಿಷದ ಮೇಲೆ ಸ್ವಲ್ಪ ಹೆಚ್ಚು, ಅಷ್ಟೆ. ಚೂರಿನ ಮೇಲ್ಗಡೆ ಶೋಪಾನ್ ಎಂಬ ಹೆಸರಿದೆ. ಆದರೆ ಆ ಹೆಸರನ್ನು ಬರೆದದ್ದು ಬೇರೆ ಯಾರದೋ ಕೈ.